ಬಿಟ್ಟು ಬಂದ ಬೀದಿ

ಪಟ್ಟಣ ಮಂಡಳಿಯ ಆಕ್ಷೇಪಣೆ ಕೈಗೆ ಬಂದದ್ದು ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ. ಸೊಸೆ ಅದನ್ನು ಬಾಗಿಲಲ್ಲಿ ನಿಂತೇ ಓದಲು ಶುರುಮಾಡಿದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪಕ್ಕದ ನಾರಿನ ಮೂಟೆಯ ಮೇಲೆ ಕುಸಿದು ಕೂತಿದ್ದಳು.

ಮಂಡಳಿಯವರು ಹೊಸದಾಗಿ ಏನನ್ನೂ ಹೇಳಿರಲಿಲ್ಲ. ಅವಳೇ ಬರೆದ ಅರ್ಜಿಯಿಂದ ಒಂದು ಸಾಲನ್ನು ಎತ್ತಿ, ಅಡಿಗೆರೆ ಎಳೆದು, ಅವಳ ಮುಖಕ್ಕೇ ಹಿಡಿದಿದ್ದರು: ‘ನಾವು ನಮ್ಮ ಬೀದಿಯನ್ನು ಸ್ವಇಚ್ಛೆಯಿಂದ ತ್ಯಜಿಸಿ ಬಂದೆವು.’ ತಾವಾಗಿಯೇ ತ್ಯಜಿಸಿದವರಿಗೆ ರಕ್ಷಣೆ ಯಾತರದು ಎಂದು ಮಂಡಳಿ ಕೇಳಿತ್ತು. ತ್ಯಜಿಸಿದ ಆಸ್ತಿ ಮಂಡಳಿಗೆ ಸೇರುತ್ತದೆ. ಅಲ್ಲಿ ಲಾರಿ ನಿಲ್ದಾಣವಾಗಬೇಕು. ಅಡ್ಡಿ ಬರಬೇಡಿ.

“ಏನಮ್ಮಾ ಕಾಯ್ದೆ ಓದೋಳೇ, ಮೂಟೆ ಮೇಲೆ ಮೊಟ್ಟೆಗೆ ಕಾವು ಕೊಡ್ತಿದೀಯಾ?” ಶೆಡ್ಡಿನ ಆ ತುದಿಯಿಂದ ಅತ್ತೆ ಕೂಗಿದರು. “ಏನಂತೆ ಅವರದು?”

“ಓದ್ತಾ ಇದೀನಿ ಅತ್ತೆ.”

“ಓದು, ಓದು. ಅದೊಂದಕ್ಕೆ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

ಅವರ ಬೀದಿಯವರದು ಹಗ್ಗ ಹೊಸೆಯುವ ಕಸುಬು. ಆ ಕೆಲಸಕ್ಕೆ ಮೊದಲು ಬೇಕಾದದ್ದು ಉದ್ದನೆಯ ನೆಟ್ಟನೆಯ ಜಾಗ. ಬಿಟ್ಟು ಬಂದ ಪಟ್ಟಣದಲ್ಲಿ ಸೇತುವೆಯ ಬುಡದಿಂದ ಹಳೆಯ ಗಿರಣಿಯವರೆಗೆ ಒಂದೂ ತಿರುವಿಲ್ಲದ ಬೀದಿ ಅವರದಾಗಿತ್ತು. ಎರಡೂ ಬದಿಗೆ ಮನೆ, ನಡುವೆ ಹಗ್ಗದ ಗೂಟಗಳು. ಬಂದೂಕು ಹಿಡಿದ ಎರಡು ಗುಂಪುಗಳು ಆ ಸೇತುವೆಗಾಗಿ ಕಿತ್ತಾಡತೊಡಗಿದಾಗ ಬೀದಿಗೆ ಬೀದಿಯೇ ಎದ್ದು ಈ ನಗರಕ್ಕೆ ಬಂದಿತ್ತು. ಇಲ್ಲಿ ಅವರಿಗೆ ಸಿಕ್ಕಿದ್ದು ರೈಲುಗಳು ಮರೆತುಬಿಟ್ಟ ಗೂಡ್ಸ್ ಶೆಡ್ಡು. ಒಂದು ಗೋಡೆಗೆ ಸೀರೆ, ತಗಡು, ರಟ್ಟು ಅಡ್ಡಕಟ್ಟಿಕೊಂಡು ಸಂಸಾರಗಳು. ಇನ್ನೊಂದು ಗೋಡೆಯ ಉದ್ದಕ್ಕೂ ಹಗ್ಗ. ಉಸಿರಾಡಲು ಜಾಗ ಸಾಲದಿದ್ದರೂ ಹಗ್ಗದ ಜಾಗಕ್ಕೆ ಒಬ್ಬರೂ ಕಾಲು ಚಾಚುತ್ತಿರಲಿಲ್ಲ.

ಸೇತುವೆಯ ಜಗಳ ಮುಗಿದಿದೆ, ಇನ್ನು ಮಳೆಗಾಲ ಕಳೆಯುತ್ತಲೂ ಹಿಂದಿರುಗಬಹುದು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾಗ ಮಂಡಳಿಯ ಹರಾಜಿನ ಸುದ್ದಿ ಬಂತು. ವಾರಸುದಾರರಿಲ್ಲದ ಬೀದಿಯಂತೆ! ಆಗ ಸೊಸೆಗೆ ನೆನಪಾದದ್ದು ಸಂಜೆ ಕಾಲೇಜಿನಲ್ಲಿ ಓದಿದ್ದ ಒಂದು ಕಾಯ್ದೆ. ಗಡಿ ದಾಟಿ ಹೋದವರಿಗೆ ಲೋಕದಲ್ಲಿ ‘ನಿರಾಶ್ರಿತರು’ ಎಂಬ ಹೆಸರಿದೆ, ಕೇಳುವವರಿದ್ದಾರೆ. ಗಡಿ ದಾಟದೆ ತಮ್ಮ ದೇಶದಲ್ಲೇ ನಾಲ್ಕು ಊರು ಆಚೆಗೆ ಹೋಗಿ ಬಿದ್ದವರನ್ನು ‘ನಿಮ್ಮ ದೇಶದಲ್ಲೇ ಇದ್ದೀರಲ್ಲ’ ಎಂದು ಎಲ್ಲರೂ ಸುಮ್ಮನಾಗಿಸುತ್ತಾರೆ. ಅಂಥವರಿಗೆಂದೇ ಮಾಡಿದ ಕಾಯ್ದೆ ಅದು. ಅದರಡಿ ‘ನೆಲೆ ತಪ್ಪಿದವರು’ ಎಂದು ಒಮ್ಮೆ ಒಪ್ಪಿಕೊಂಡರೆ, ಅವರು ಮರಳುವ ತನಕ ಅವರ ಮನೆ, ನೆಲ ಯಾರೂ ಮುಟ್ಟುವಂತಿಲ್ಲ; ಮಾರುವಂತಿಲ್ಲ. ಒಪ್ಪದಿದ್ದರೆ ಬೀದಿ ಲಾರಿಗಳದು. ಇಷ್ಟೇ ಲೆಕ್ಕ.

ಅರ್ಜಿ ಬರೆಯುವ ದಿನ ಅತ್ತೆ ನಿಂತು ಹೇಳಿದ್ದರು: “ಯಾರೂ ನಮ್ಮನ್ನ ಓಡಿಸಲಿಲ್ಲ ಅಂತ ಮೊದಲು ಬರಿ. ನಾವಾಗೇ ಬಿಟ್ವಿ ಅಂತ ಬರಿ. ಆಮೇಲೆ ಮಿಕ್ಕಿದ್ದು.” ಸೊಸೆ ಬರೆದಳು. ಆದರೆ ‘ನಾವಾಗೇ ಬಿಟ್ವಿ’ ಎಂದು ಅರ್ಜಿಯಲ್ಲಿ ಬರೆಯುವುದುಂಟೇ? ಬೀದಿಮಾತು ಎಂದು ನಗುವುದಿಲ್ಲವೇ? ಸರಕಾರದ ಕಾಗದಕ್ಕೆ ಸರಕಾರದ ಮಾತು ಬೇಕೆಂದು ನಿಘಂಟು ತೆಗೆದು, ನೋಡಿದ್ದನ್ನೇ ಮತ್ತೆ ನೋಡಿ, ‘ಸ್ವಇಚ್ಛೆಯಿಂದ ತ್ಯಜಿಸಿ’ ಎಂದು ದುಂಡಗೆ ಬರೆದಿದ್ದಳು. ಆ ಸಾಲು ಬಂದ ಬಗೆಗೆ ಅವತ್ತು ಒಳಗೊಳಗೇ ಹಿಗ್ಗಿದ್ದಳು ಕೂಡ. ಈಗ ಅದೇ ಸಾಲಿನ ಕೆಳಗೆ ಮಂಡಳಿಯ ಅಡಿಗೆರೆ ಇತ್ತು.

ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಎದ್ದು ಹೋಗಿ ಅತ್ತೆಯ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅಕ್ಕಪಕ್ಕದವರೂ ಬಂದು ಸೇರಿದ್ದರು. ಎಲ್ಲರಿಗಿಂತ ಮುಂದೆ ನಿಂತವರು ಪಕ್ಕದ ಮನೆಯ ಹಿರಿಯರು. ಬಿಸಿಲು ಬಂದರೂ ಆಕ್ಷೇಪ, ಮೋಡ ಬಂದರೂ ಆಕ್ಷೇಪ ಎತ್ತುತ್ತಿದ್ದ ಅವರನ್ನು ಬೀದಿಯವರೆಲ್ಲ ತಕರಾರು ಮಾವ ಎಂದೇ ಕರೆಯುತ್ತಿದ್ದರು.

“ನಾನು ಅವತ್ತೇ ಹೇಳಿದ್ದೆ,” ಎಂದರು ತಕರಾರು ಮಾವ.

“ಏನು ಹೇಳಿದ್ದೆ?” ಎಂದರು ಅತ್ತೆ.

“ಏನೋ ಒಂದು ಹೇಳೇ ಇರ್ತೀನಿ. ಈಗ ಅದು ಬಿಡಕ್ಕ. ನಾಳೆ ಒಂದು ದಿನ ಅಳು ನೀನು. ಬಂದೂಕು ಹಿಡ್ಕೊಂಡು ಅಟ್ಟಿಸಿಕೊಂಡು ಬಂದ್ರು, ಉಟ್ಟ ಬಟ್ಟೆಲಿ, ಬರಿಗಾಲಲ್ಲಿ ಓಡಿದ್ವಿ ಅಂತ ಹೇಳು. ಮುಗಿದುಹೋಯ್ತು.”

“ನಾನು ಬರಿಗಾಲಲ್ಲಿ ಓಡಿದೆ ಅಂದ್ರೆ ನನ್ನ ಚಪ್ಪಲಿ ಕೂಡ ನಂಬಲ್ಲ ಕಣೋ.”

“ನಂಬದಿದ್ರೆ ಬಿಡಲಿ, ಅಧಿಕಾರಿ ನಂಬಿದ್ರೆ ಸಾಕಲ್ಲ!”

“ಆಗಲ್ಲ.” ಅತ್ತೆಯ ದನಿ ಏರಲಿಲ್ಲ. ಏರದಿದ್ದಾಗಲೇ ಅವರಿಗೆ ಹೆದರಬೇಕೆಂದು ಸೊಸೆಗೆ ಗೊತ್ತಿತ್ತು. “ಆವತ್ತು ಬೆಳಿಗ್ಗೆ ನಾವು ಹೇಗೆ ಹೊರಟ್ವಿ? ಹೊಸೀತಿದ್ದ ಹಗ್ಗ ಮುಗಿಸಿ, ಸುತ್ತಿಟ್ಟು, ಬೀದಿ ಗುಡಿಸಿ, ಬಾಗಿಲು ಹಾಕಿ, ಮುದುಕರನ್ನ ಮುಂದೆ ಬಿಟ್ಟುಕೊಂಡು ನಡ್ಕೊಂಡು ಬಂದ್ವಿ. ಒಬ್ಬರೂ ಓಡಲಿಲ್ಲ. ಒಂದು ಮಗೂನೂ ಅಳಲಿಲ್ಲ. ನಮ್ಮ ಹತ್ರ ಉಳಿದಿರೋದು ಅದೊಂದೇ. ಅದನ್ನೂ ನಾಳೆ ಮೇಜಿನ ಮೇಲಿಟ್ಟು ಬಾ ಅಂತೀಯಾ?”

ತಕರಾರು ಮಾವ ಮೂಗು ತಿಕ್ಕಿಕೊಳ್ಳುತ್ತ ಹಿಂದೆ ಸರಿದರು.

“ತಪ್ಪು ನಂದು ಅತ್ತೆ,” ಎಂದಳು ಸೊಸೆ. ಕಣ್ಣು ತುಂಬಿ ಬರುತ್ತಿತ್ತು.

“ತಪ್ಪು ಆಮೇಲೆ ಹಂಚಿಕೊಳ್ಳೋಣ. ಎಳೆ ಒಣಗ್ತಿದೆ, ಕೆಲಸ ನಿಲ್ಲಬಾರದು.” ಅತ್ತೆ ರಾಟೆಯ ಹಿಡಿಗೆ ಕೈ ಹಾಕಿದರು.

ಆ ತುದಿಯಲ್ಲಿ ಸೊಸೆಯ ಗಂಡ ಮೂರು ಎಳೆಗಳ ಕೊನೆ ಕಟ್ಟಿದ್ದ ಕೊಕ್ಕೆಯನ್ನು ಸೊಂಟಕ್ಕೆ ಆನಿಸಿಕೊಂಡು ಹಿಂದಕ್ಕೆ ವಾಲಿ ನಿಂತಿದ್ದ. ರಾಟೆ ತಿರುಗಿತು. ಎಳೆಗಳು ಹುರಿಗೊಂಡಂತೆ ಗಿಡ್ಡವಾಗುತ್ತ ಬಂದವು. ಹುರಿ ಬಿಗಿಯಿತು, ಗುಂಯ್‍ ಎಂದಿತು, ಇನ್ನೇನು ಹರಿಯಬೇಕು.

“ಬಿಡು!” ಎಂದು ಅತ್ತೆ ಕೂಗಿದರು.

ಗಂಡ ಒಂದು ಹೆಜ್ಜೆ ಮುಂದೆ ಬಂದ. ಕೊಕ್ಕೆ ಕೈಯಲ್ಲೇ ಇತ್ತು. ಮತ್ತೆ ಹಿಂದಕ್ಕೆ ವಾಲಿದ. ಮತ್ತೆ ಹುರಿ ಬಿಗಿಯಿತು.

“ಬಿಡು!”

ಮತ್ತೊಂದು ಹೆಜ್ಜೆ.

ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದವಳು ಹಾಗೆಯೇ ನಿಂತಳು. ಅವಳು ಬಸ್ ಕಂಡಕ್ಟರನ ಮಗಳು, ಹಗ್ಗದವರ ಮನೆಗೆ ಹೊರಗಿನಿಂದ ಬಂದವಳು. ಮದುವೆಯಾದಂದಿನಿಂದ ಹಗಲೆಲ್ಲ ಈ ಕೂಗು ಕಿವಿಗೆ ಬೀಳುತ್ತಿತ್ತು. ಬಿದ್ದು ಬಿದ್ದು ಕೇಳಿಸುವುದೇ ನಿಂತುಹೋಗಿತ್ತು.

“ಅತ್ತೆ, ಒಂದು ನಿಮಿಷ. ‘ಬಿಡು’ ಅಂತೀರಿ, ಇವರು ಬಿಡೋದೇ ಇಲ್ಲವಲ್ಲ?”

“ಬಿಟ್ನಲ್ಲ, ನೋಡಲಿಲ್ವಾ?”

“ಕೊಕ್ಕೆ ಕೈಯಲ್ಲೇ ಇದೆ.”

ಅತ್ತೆ ರಾಟೆ ನಿಲ್ಲಿಸಿ, ಅವಳಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದರು. “ಕೊಕ್ಕೆ ಕೈಬಿಟ್ರೆ ಹಗ್ಗ ಎಲ್ಲಿರುತ್ತೆ? ಹೊರಳಿ ಹೊರಳಿ ಗಂಟಾಗಿ ಕೂರುತ್ತೆ. ಬಿಡದೇ ನಿಂತರೆ ಹರಿಯುತ್ತೆ. ಹಿಡ್ಕೊಂಡೇ ಬಿಡಬೇಕು. ಎಷ್ಟು ಬೇಕೋ ಅಷ್ಟೇ ಮುಂದೆ ಬರಬೇಕು. ಇದೇನು ಇವತ್ತು ಹೊಸದಾಗಿ ಕೇಳ್ತಿದೀಯ?”

“ಹಂಗಾದ್ರೆ ಆವತ್ತು ನೀವು ಬೀದಿ ‘ಬಿಟ್ವಿ’ ಅಂದ್ರಲ್ಲ, ಅದು ಯಾವ ಬಿಡೋದು?”

“ಬಿಡೋದ್ರಲ್ಲಿ ಎಷ್ಟು ಥರ ಇದೆ? ಒಂದೇ.” ಅತ್ತೆ ಮತ್ತೆ ರಾಟೆ ತಿರುಗಿಸಿದರು. “ಅಲ್ಲೇ ಗಟ್ಟಿಯಾಗಿ ನಿಂತಿದ್ರೆ ಹರಿದುಹೋಗ್ತಿದ್ವಿ. ಬಿಟ್ವಿ.”

ಆ ಸಂಜೆ ಕಾನೂನು ತರಗತಿ ಮುಗಿದ ಮೇಲೆ ಸೊಸೆ ಮೇಷ್ಟರ ಬಳಿ ನಿಂತು, ಅರ್ಜಿಯ ಪದ ತಿದ್ದಬಹುದೇ ಎಂದು ಕೇಳಿದಳು. ಬರೆದವಳೇ ತಪ್ಪು ಒಪ್ಪಿಕೊಂಡು ತಿದ್ದಲು ಅನುಮತಿ ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಗೆ ಸೇರಿದ್ದು ಎಂದರು ಅವರು. ಇನ್ನೂ ಪದವಿ ಮುಗಿಯದ ತಾನು ಅಲ್ಲಿ ಬಾಯಿ ತೆರೆಯಬಹುದೇ ಎಂದು ಕೇಳಿದ್ದಕ್ಕೆ, “ಕಾಯ್ದೆ ಓದಿದೀರಲ್ಲ, ಅದರಲ್ಲೇ ಏನಿದೆ ನೋಡಿ,” ಎಂದು ನಕ್ಕರು. ಬಸ್ಸಿನಲ್ಲಿ ಬರುವಾಗ ಅವಳು ಅದನ್ನೇ ಮತ್ತೆ ಮತ್ತೆ ಓದಿದಳು. ಓದಿದಷ್ಟೂ ಎಲ್ಲಿಯೋ ಏನೋ ಬಿಟ್ಟುಹೋಗಿದೆ ಎನಿಸುತ್ತಿತ್ತು.

ವಿಚಾರಣೆಯ ಕೋಣೆ ಅವಳು ಹೆದರಿದ್ದಷ್ಟು ದೊಡ್ಡದಿರಲಿಲ್ಲ. ಉದ್ದ ಮೇಜು, ಗೋಡೆಗೆ ಆನಿಸಿಟ್ಟ ಬೆಂಚುಗಳು, ಕಿಟಕಿಯ ಕೆಳಗೆ ಕಂಪ್ಯೂಟರಿನ ಮುಂದೆ ಒಬ್ಬ ಟೈಪಿಸ್ಟ್ ಹುಡುಗಿ. ಅಧಿಕಾರಿ ಐವತ್ತು ದಾಟಿದ ಹೆಂಗಸು. ನೆಗಡಿಯಾಗಿತ್ತು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಗುಟುಕರಿಸುತ್ತಿದ್ದರು. ಮಂಡಳಿಯ ವಕೀಲರು ಅಚ್ಚುಕಟ್ಟಾದ ಮನುಷ್ಯ. ಅತ್ತೆಗೆ ಕುರ್ಚಿ ಎಳೆದು ಕೊಟ್ಟವರೂ ಅವರೇ. ಬೆಂಚಿನ ತುಂಬ ಬೀದಿಯವರು. ತಕರಾರು ಮಾವ ಬೆಂಚು ಆಡುತ್ತದೆ ಎಂದು ಆಗಲೇ ಒಮ್ಮೆ ದೂರು ಕೊಟ್ಟಾಗಿತ್ತು.

“ಅರ್ಜಿದಾರರ ಪರವಾಗಿ ಮಾತಾಡೋರು ಯಾರು?” ಎಂದರು ಅಧಿಕಾರಿ.

ಸೊಸೆ ಎದ್ದಳು.

“ವಕೀಲರಾ?”

“ಅಲ್ಲ ಮೇಡಂ. ಸೊಸೆ.”

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಯ ತುಟಿಯೂ ಕೊಂಚ ಅಲುಗಿತು. ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು. “ಬರೀ ಸೊಸೆ ಅಲ್ಲ ತಾಯಿ. ಹಗಲೆಲ್ಲ ನಾರು ಹಿಂಜಿ, ಸಂಜೆ ಕಾಲೇಜಿಗೆ ಹೋಗಿ ಕಾನೂನು ಓದ್ತಾಳೆ. ನಮ್ಮ ಬೀದಿಯಲ್ಲಿ ಮೊದಲನೆಯವಳು.”

ಅತ್ತೆಯ ಬಾಯಿಂದ ಇಂಥ ಮಾತು ಸೊಸೆ ಕೇಳಿರಲೇ ಇಲ್ಲ. ತಲೆಯಲ್ಲಿ ಜೋಡಿಸಿಟ್ಟುಕೊಂಡದ್ದೆಲ್ಲ ಒಂದು ಗಳಿಗೆ ಕಲಸಿಹೋಯಿತು. ಸಾವರಿಸಿಕೊಂಡು, “ಅರ್ಜಿದಾರರು ತಮ್ಮವರೊಬ್ಬರ ನೆರವು ಪಡೀಬಹುದು ಅಂತ ಕಾಯ್ದೆಯಲ್ಲೇ ಇದೆ ಮೇಡಂ,” ಎಂದಳು.

“ಇದೆ, ಗೊತ್ತು. ಹೇಳಿ.”

“ಅರ್ಜಿಯಲ್ಲಿ ಒಂದು ಪದ ತಪ್ಪಾಗಿದೆ. ಇವರು ಹೇಳಿದ್ದು ಅದಲ್ಲ. ಚೆಂದಕ್ಕೆ ಅಂತ ನಾನು ಹಾಕಿದ್ದು. ತಿದ್ದೋಕೆ ಅನುಮತಿ ಬೇಕು.”

ವಕೀಲರು ತಾಳ್ಮೆಯಿಂದಲೇ ಎದ್ದರು. “ಮೇಡಂ, ನಮ್ಮ ಆಕ್ಷೇಪಣೆ ನಿನ್ನೆ ಇವರ ಕೈ ಸೇರಿದೆ. ಇವತ್ತು ಪದ ತಪ್ಪು ಅಂತಾರೆ. ಹೀಗೆ ದಿನಕ್ಕೊಂದು ಪದ ಬದಲಾಯಿಸ್ತಾ ಹೋದ್ರೆ ವಿಚಾರಣೆ ಹೇಗೆ ನಡೆಯುತ್ತೆ?”

ಅಧಿಕಾರಿ ಅತ್ತೆಯ ಕಡೆ ತಿರುಗಿದರು. “ನೀವೇ ಹೇಳಿಬಿಡಿ. ಅವತ್ತು ನೀವು ಇವರಿಗೆ ಹೇಳಿದ್ದೇನು?”

“ನಾವಾಗೇ ಬಿಟ್ವಿ ಅಂದೆ.”

“ನೋಡಿ ಮೇಡಂ,” ಎಂದರು ವಕೀಲರು. “ಬಿಡೋದು, ತ್ಯಜಿಸೋದು ಎರಡೂ ಒಂದೇ. ಅಮ್ಮಾ, ನಿಮ್ಮನ್ನ ಯಾರಾದ್ರೂ ಮನೆಯಿಂದ ಹೊರಗೆ ಹಾಕಿದ್ರಾ?”

“ನಮ್ಮನ್ನ ಹೊರಗೆ ಹಾಕೋರು ಇನ್ನೂ ಹುಟ್ಟಿಲ್ಲ.”

“ಬೆದರಿಸಿದ್ರಾ?”

“ಯಾರಿಗಿತ್ತು ಅಷ್ಟು ಎದೆ?”

“ಓಡಿಸಿದ್ರಾ?”

“ಓಡಿಸಿದ್ರೆ ಓಡೋ ಪೈಕಿ ಅಲ್ಲ ನಾವು!”

“ಅಷ್ಟೇ ಮೇಡಂ,” ಎಂದು ವಕೀಲರು ಕೂತರು. ಬೆಂಚಿನ ಮೇಲೆ ತಕರಾರು ಮಾವ ತಲೆಯ ಮೇಲೆ ಕೈ ಹೊತ್ತರು. ಟೈಪಿಸ್ಟ್ ಹುಡುಗಿಯ ಬೆರಳುಗಳು ಟಕಟಕನೆ ಓಡುತ್ತಿದ್ದವು. ಅತ್ತೆಯ ಒಂದೊಂದು ಹೆಮ್ಮೆಯೂ ಬೀದಿಯ ವಿರುದ್ಧ ದಾಖಲಾಗುತ್ತಿದೆ ಎಂದು ಸೊಸೆಗೆ ಕಾಣುತ್ತಿತ್ತು. ಕೂತುಬಿಟ್ಟರೆ ಮತ್ತೆ ಏಳಲಾರೆ ಎಂಬ ಹೆದರಿಕೆಗೆ ನಿಂತೇ ಇದ್ದಳು.

“ಮೇಡಂ, ಕಾಯ್ದೆಯ ಅರ್ಥ ಕೊಡೋ ಭಾಗ ಓದಬಹುದಾ?”

“ನನಗೆ ಬಾಯಿಪಾಠ ಇದೆ.”

“ಹಾಗಾದ್ರೆ ತಪ್ಪಿದ್ರೆ ನೀವೇ ತಿದ್ದಿ.” ಅವಳು ಪುಸ್ತಕ ತೆರೆಯದೆ ಹೇಳಿದಳು. “ಅಟ್ಟಿ ಓಡಿಸಿದ ಜನಕ್ಕೆ ಮಾತ್ರ ಅಂತ ಅದರಲ್ಲಿಲ್ಲ. ‘ಸಂಘರ್ಷದಿಂದ ಅಥವಾ ಅದರ ಪರಿಣಾಮಗಳಿಂದ ತಪ್ಪಿಸಿಕೊಳ್ಳಲು ತಮ್ಮ ನೆಲೆಯನ್ನು ಬಿಡಬೇಕಾಗಿ ಬಂದವರು’ ಅಂತಲೂ ಇದೆ. ಬಿಡಬೇಕಾಗಿ ಬಂದವರು. ಕಾಯ್ದೆ ಬರೆದವರೂ ‘ಬಿಡು’ ಅಂತಲೇ ಬರೆದಿದಾರೆ. ತ್ಯಜಿಸು ಅಂತ ಬರೆದವಳು ನಾನೊಬ್ಬಳೇ. ಗುಂಡು ಬಂದು ಬಾಗಿಲಿಗೆ ಬೀಳೋ ತನಕ ಕೂತಿರಬೇಕು, ಆಮೇಲೆ ಓಡಬೇಕು, ಆಗ ಮಾತ್ರ ರಕ್ಷಣೆ ಅಂತ ಎಲ್ಲೂ ಇಲ್ಲ ಮೇಡಂ. ನಮ್ಮ ಅತ್ತೆ ಕೂರಲಿಲ್ಲ. ಬೀಳೋ ಮೊದಲೇ ಎಲ್ಲರನ್ನೂ ಎಬ್ಬಿಸಿಕೊಂಡು ಬಂದ್ರು. ಸೇತುವೆ ಕಡೆಯ ಮೊದಲ ನಾಲ್ಕು ಮನೆಗಳ ಚಾವಣಿ ಆಮೇಲೆ ಆ ಜಗಳದಲ್ಲಿ ಹಾರಿಹೋಯ್ತು. ಆ ಮನೆಯವರೆಲ್ಲ ಜೀವ ಉಳಿಸಿಕೊಂಡು ಈ ಬೆಂಚಿನ ಮೇಲೆ ಕೂತಿದಾರೆ. ಮೊದಲೇ ಹೊರಟಿದ್ದಕ್ಕೆ ಅವರಿಗೆ ಶಿಕ್ಷೆ ಆಗಬಾರದು.”

ಅಧಿಕಾರಿ ಕರವಸ್ತ್ರದಿಂದ ಮೂಗು ಒರೆಸಿಕೊಂಡು ವಕೀಲರತ್ತ ನೋಡಿದರು. ಚಾವಣಿ ಹಾರಿಹೋದದ್ದನ್ನು ಮಂಡಳಿಯೂ ಅಲ್ಲಗಳೆದಿರಲಿಲ್ಲ.

“ಆಯ್ತು ಮೇಡಂ, ಬರಬೇಕಾಗಿ ಬಂತು ಅಂತಲೇ ಇಟ್ಟುಕೊಳ್ಳೋಣ,” ಎಂದರು ವಕೀಲರು. ಸುಲಭಕ್ಕೆ ಸೋಲುವವರಲ್ಲ ಅವರು. “ಬಂದಮೇಲೆ ಹಿಂತಿರುಗೋ ಮನಸ್ಸು ಇರಬೇಕಲ್ಲ? ಇವರು ಆ ಬೀದಿಯ ಮೇಲಿನ ಹಕ್ಕನ್ನೇ ಮನಸ್ಸಿಂದ ತೆಗೆದುಹಾಕಿದಾರೆ. ಇದು ಹೋದ ವಾರ ತೆಗೆದ ಚಿತ್ರ.” ಒಂದು ದೊಡ್ಡ ಫೋಟೋವನ್ನು ಅತ್ತೆಯ ಮುಂದಿಟ್ಟರು. “ನೋಡಿ ಅಮ್ಮ. ಮೊಣಕಾಲುದ್ದ ಹುಲ್ಲು.”

ಅತ್ತೆ ನೋಡಿದರು. ಗೂಟಗಳ ನಡುವೆ ಹುಲ್ಲು ಬೆಳೆದಿತ್ತು, ನಿಜ. ಅತ್ತೆ ಫೋಟೋವನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಬಾಗಿಲನ್ನು ನೋಡುತ್ತ ಹೋದರು. ಅತ್ತೆ ಮುರಿದುಬೀಳುತ್ತಾರೇನೋ ಎಂದು ಸೊಸೆ ಒಂದು ಹೆಜ್ಜೆ ಹತ್ತಿರ ಸರಿದಳು.

“ಹುಲ್ಲು ಬೆಳೆದಿದೆ,” ಎಂದರು ಅತ್ತೆ ಕೊನೆಗೆ. “ಬೆಳೀಲಿ. ಆ ಹುಲ್ಲೂ ನಮ್ಮದೇ.”

ಬೆಂಚಿನ ಮೇಲೆ ಯಾರೋ ‘ಹ್ಞಾಂ’ ಎಂದರು.

“ಸ್ವಾಮಿ, ನೀವು ಬಿಸಾಡೋ ಬಟ್ಟೇನ ಒಗೆದು ಬಿಸಾಡ್ತೀರಾ?”

ವಕೀಲರು ಅಧಿಕಾರಿಯತ್ತ ಒಮ್ಮೆ ನೋಡಿದರು. “ಇಲ್ಲ,” ಎಂದರು.

“ನಾವು ಆ ಬೀದಿನ ಗುಡಿಸಿ ಬಂದಿದೀವಿ. ಸೇತುವೆಯಿಂದ ಗಿರಣಿ ತನಕ, ನಮ್ಮ ಕೈಯಾರೆ. ಆ ಕಡೆ ಬಂದೂಕು ಸದ್ದು, ಈ ಕಡೆ ಪೊರಕೆ ಸದ್ದು. ಬೇಡದ ಜಾಗನ ಯಾರಾದ್ರೂ ಗುಡಿಸ್ತಾರಾ?” ಅತ್ತೆ ಫೋಟೋವನ್ನು ಮೇಜಿನ ಮೇಲೆ ನಯವಾಗಿ ಇಟ್ಟು ಅಧಿಕಾರಿಯತ್ತ ತಿರುಗಿದರು. “ತಾಯಿ, ನನಗೆ ದೊಡ್ಡ ಮಾತು ಬರಲ್ಲ. ಓಡಿಸಿದ್ರು ಅಂತ ನನ್ನ ಬಾಯಲ್ಲಿ ಬರಲ್ಲ, ಬಂದ್ರೆ ಅದು ಸುಳ್ಳು. ನಾವು ಬಿಟ್ಟು ಬಂದಿದೀವಿ. ಬಿಟ್ಟುಕೊಟ್ಟಿಲ್ಲ.”

ಅಧಿಕಾರಿ ಬಿಸಿನೀರಿನ ಲೋಟವನ್ನು ಕೈಯಲ್ಲಿ ಹಿಡಿದಿದ್ದವರು ಕುಡಿಯುವುದನ್ನು ಮರೆತರು. ಆಮೇಲೆ ಲೋಟ ಕೆಳಗಿಟ್ಟು, “ವಕೀಲರೇ, ಇನ್ನೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು.

ವಕೀಲರು ತಮ್ಮ ಕಾಗದಗಳನ್ನು ತಿರುವಿ ಹಾಕಿ, “ನಮ್ಮ ಲಿಖಿತ ಆಕ್ಷೇಪಣೆಯೇ ನಮ್ಮ ವಾದ ಮೇಡಂ,” ಎಂದರು.

“ಸರಿ. ತಿದ್ದುಪಡಿಗೆ ಅನುಮತಿ ಕೊಟ್ಟಿದೀನಿ. ಆದೇಶ ಈಗಲೇ ಹೇಳ್ತೀನಿ, ಟೈಪ್ ಮಾಡ್ಕೋಮ್ಮ.”

ಅಧಿಕಾರಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದರು. ಅರ್ಜಿದಾರರು ಕಾಯ್ದೆಯ ಅರ್ಥದಲ್ಲಿ ನೆಲೆ ತಪ್ಪಿದವರು. ಸುರಕ್ಷಿತವಾಗಿ, ಗೌರವದಿಂದ ಅವರು ಹಿಂತಿರುಗುವ ತನಕ ಆ ಬೀದಿಯ ಯಾವ ಮನೆಯನ್ನೂ ಯಾವ ನೆಲವನ್ನೂ ಹರಾಜು ಮಾಡತಕ್ಕದ್ದಲ್ಲ. ಅಲ್ಲಿಯವರೆಗೆ ಈಗಿರುವ ಶೆಡ್ಡಿನಿಂದಲೂ ಅವರನ್ನು ಎಬ್ಬಿಸತಕ್ಕದ್ದಲ್ಲ. ಸೊಸೆಗೆ ಮೊದಲ ಸಾಲಿನ ನಂತರದ್ದು ಸರಿಯಾಗಿ ಕೇಳಿಸಲಿಲ್ಲ. ತಾನು ಕೇಳಿದ್ದು ನಿಜವೇ, ನಡುವೆ ಎಲ್ಲಾದರೂ ‘ಆದರೆ’ ಎಂದು ಬರುತ್ತದೆಯೇ ಎಂದು ಉಸಿರು ಹಿಡಿದು ಕಾಯುತ್ತಿದ್ದಳು. ಬರಲಿಲ್ಲ. ಹಿಂದೆ ಬೆಂಚಿನಿಂದ ಬೆಂಚಿಗೆ ಪಿಸುಮಾತು ಹರಿದು, ಗೋಡೆಗೆ ಒರಗಿ ನಿಂತಿದ್ದವರೆಲ್ಲ ನೆಟ್ಟಗೆ ನಿಂತರು. ತಕರಾರು ಮಾವ ಮಾತ್ರ, “ಇಷ್ಟು ಬೇಗ ಮುಗಿಸಿದ್ರಲ್ಲ, ಸರಿಯಾಗಿ ವಿಚಾರಿಸಿದ್ರೋ ಇಲ್ವೋ,” ಎಂದು ಗೊಣಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

“ಕಾರಣ,” ಎಂದು ಅಧಿಕಾರಿ ಮುಂದುವರಿಸಿದರು. “ಅರ್ಜಿದಾರರು ತಮ್ಮ ಬೀದಿಯನ್ನು ಬಿಟ್ಟು ಬಂದಿದ್ದಾರೆಯೇ ಹೊರತು, ಬಿಟ್ಟುಕೊಟ್ಟಿಲ್ಲ.”

ಟೈಪಿಸ್ಟ್ ಹುಡುಗಿ ಕೈ ನಿಲ್ಲಿಸಿ ತಲೆಯೆತ್ತಿದಳು. “ಮೇಡಂ, ‘ಬಿಟ್ಟುಕೊಟ್ಟಿಲ್ಲ’ ಕೂಡಿಸಿ ಹೊಡೀಲಾ, ಬಿಡಿಸಿ ಹೊಡೀಲಾ?”

ಅಧಿಕಾರಿ ಸೊಸೆಯ ಕಡೆ ನೋಡಿದರು. ಸೊಸೆ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದು ಸೀರೆಯ ಸೆರಗು ಸರಿಮಾಡಿಕೊಂಡರು.

“ಬಿಡಿಸಿದ್ದು ಸಾಕಮ್ಮ,” ಎಂದರು. “ಕೂಡಿಸೇ ಹೊಡಿ.”